ಕರುಳಿಗೆ ಹಿಂಡುವ ಆಜ್ಞೆ ತಲುಪುವುದು ಹೇಗೆ?

ತುತ್ತನ್ನು ಬಾಯಿಗಿಟ್ಟು, ಅಗಿದು, ನುಂಗುವ ತನಕ ಅದು ನಿಮ್ಮ ಅಧೀನ. ಗಂಟಲು ದಾಟಿದ ಮೇಲೆ ಅದು ನಿಮ್ಮ ಮಾತು ಕೇಳುವುದಿಲ್ಲ. ಸುಮಾರು 6 ಮೀಟರು ಉದ್ದದ ಸಣ್ಣ ಕರುಳು ಅದನ್ನು ಕಲಸುತ್ತ, ಹಿಂಡುತ್ತ ಮುಂದೆ ತಳ್ಳುತ್ತಿರುತ್ತದೆ. ನೀವು ನಿದ್ರಿಸಿದ್ದರೂ ಈ ಕೆಲಸ ನಿಲ್ಲದು. ಹೊಟ್ಟೆ ನುಲಿಯತೊಡಗಿದಾಗ ಮಾತ್ರ ಅಲ್ಲೊಂದು ಸ್ನಾಯು ಇದೆ ಎಂಬ ನೆನಪು ನಮಗಾಗುತ್ತದೆ.

ಕರುಳಿನ ಗೋಡೆಯಲ್ಲಿ ಸ್ನಾಯುವಿನ ಎರಡು ಪದರಗಳಿವೆ. ಒಳಗಿನದು ಬಳೆಯಂತೆ ಸುತ್ತುವರಿದಿದೆ, ಹೊರಗಿನದು ಉದ್ದಕ್ಕೆ ಹಾಸಿದೆ. ತೋಳಿನ ಸ್ನಾಯುವಿನಲ್ಲಿ ಸೂಕ್ಷ್ಮದರ್ಶಕದಡಿ ಕಾಣುವ ಅಡ್ಡಪಟ್ಟೆಗಳು ಇಲ್ಲಿ ಇಲ್ಲ. ಆದ್ದರಿಂದಲೇ ಇದಕ್ಕೆ ನುಣುಪು ಸ್ನಾಯು ಎಂಬ ಹೆಸರು. ಇದರ ಕೋಶ ಕದಿರಿನ ಹಾಗೆ ನಡುವೆ ದಪ್ಪ, ಎರಡೂ ತುದಿ ಚೂಪು. ದಪ್ಪ ಕೆಲವೇ ಮೈಕ್ರೊಮೀಟರು. ಅಕ್ಕಪಕ್ಕದ ಕೋಶಗಳ ನಡುವೆ ಸಣ್ಣ ಕಿಂಡಿಗಳಿವೆ. ಒಂದರಲ್ಲಿ ಎದ್ದ ವಿದ್ಯುತ್ ಕ್ಷೋಭೆ ಅವುಗಳ ಮೂಲಕ ನೆರೆಯ ಕೋಶಕ್ಕೂ ಹಬ್ಬುತ್ತದೆ.

ಕರುಳಿಗೆ ತನ್ನದೇ ಆದ ತಾಳವಿದೆ. ಜಠರದಲ್ಲಿ ನಿಮಿಷಕ್ಕೆ ಸುಮಾರು 3, ಸಣ್ಣ ಕರುಳಿನ ಆರಂಭದಲ್ಲಿ ಸುಮಾರು 12, ಅದರ ಕೊನೆಯಲ್ಲಿ 8ರಷ್ಟು ನಿಧಾನ ವಿದ್ಯುತ್ ಅಲೆಗಳು ಏಳುತ್ತವೆ. ಈ ತಾಳ ಹಾಕುವವು ಸ್ನಾಯುಕೋಶಗಳಲ್ಲ, ಅವುಗಳ ನಡುವೆ ಹೆಣೆದುಕೊಂಡಿರುವ ಕಹಾಲ್ ಕೋಶಗಳು. ಸ್ಪೇನಿನ ವಿಜ್ಞಾನಿ ಸಾಂಟಿಯಾಗೊ ರಮೋನ್ ಇ ಕಹಾಲ್ (1906ರ ನೊಬೆಲ್ ಪುರಸ್ಕೃತ) ಇವನ್ನು ಒಂದು ಬಗೆಯ ನರಕೋಶಗಳೆಂದೇ ಭಾವಿಸಿದ್ದ. ಆದರೆ ಅಲೆ ಎದ್ದ ಮಾತ್ರಕ್ಕೆ ಕರುಳು ಬಲವಾಗಿ ಹಿಂಡಲೇಬೇಕೆಂದಿಲ್ಲ. ಹಿಂಡಬೇಕೆ, ಎಷ್ಟು ಹಿಂಡಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ನರತುದಿಗಳಿಂದ ಸೂಸುವ ರಾಸಾಯನಿಕಗಳು. ಅವುಗಳಲ್ಲಿ ಮುಖ್ಯವಾದುದು ಅಸಿಟೈಲ್‌ಕೋಲಿನ್.

ಬಳೆ ಪದರದ ಒಂದು ಕೋಶವನ್ನು ತೆಗೆದುಕೊಳ್ಳೋಣ. ಅಸಿಟೈಲ್‌ಕೋಲಿನ್ ಕೋಶದೊಳಕ್ಕೆ ಹೋಗುವುದೇ ಇಲ್ಲ. ಕೋಶಪೊರೆಯ ಮೇಲಿರುವ ಮಸ್ಕರಿನಿಕ್ ಗ್ರಾಹಕವೆಂಬ ಪ್ರೋಟೀನಿಗೆ ಅಂಟಿಕೊಂಡು ನಿಲ್ಲುತ್ತದೆ, ಬಾಗಿಲಲ್ಲೇ ನಿಂತು ಕೂಗುವ ಅಂಚೆಯವನಂತೆ. ಆ ಕೂಗನ್ನು ಒಳಕ್ಕೆ ಒಯ್ಯುವವರು ಬೇರೆ. ಗ್ರಾಹಕದ ಆಕಾರ ತುಸು ಬದಲಾಗುತ್ತದೆ. ಪೊರೆಯ ಒಳಮೈಗೆ ಅಂಟಿರುವ ಜಿ-ಪ್ರೋಟೀನು ಎಚ್ಚರಗೊಳ್ಳುತ್ತದೆ. ಅದು ಫಾಸ್ಫೋಲೈಪೇಸ್-ಸಿ ಎಂಬ ಕಿಣ್ವವನ್ನು ಚುರುಕುಗೊಳಿಸುತ್ತದೆ. ಈ ಕಿಣ್ವ ಪೊರೆಯಲ್ಲೇ ಇರುವ ಒಂದು ಕೊಬ್ಬಿನ ಅಣುವನ್ನು ಎರಡಾಗಿ ಸೀಳುತ್ತದೆ. ಒಂದು ತುಂಡು ಪೊರೆಯಲ್ಲೇ ಉಳಿಯುತ್ತದೆ. ಇನ್ನೊಂದು, ಇನೊಸಿಟಾಲ್ ಟ್ರೈಫಾಸ್ಫೇಟ್, ನೀರಿನಲ್ಲಿ ಕರಗುವಂಥದು. ಅದು ಕೋಶದ ಒಳಗೆ ಪಸರಿಸಿ, ಕ್ಯಾಲ್ಸಿಯಮ್ ಕೂಡಿಟ್ಟ ಚೀಲಗಳ ಬಾಗಿಲನ್ನು ತೆರೆಸುತ್ತದೆ. ಈ ಕೊನೆಯ ಕೊಂಡಿ ಬಯಲಾದುದು 1983ರಲ್ಲಿ, ಅದೂ ಮೇದೋಜೀರಕ ಗ್ರಂಥಿಯ ಕೋಶಗಳ ಮೇಲೆ ನಡೆಸಿದ ಪ್ರಯೋಗಗಳಿಂದ. ಉದ್ದ ಪದರದ ಕೋಶಗಳಲ್ಲಿ ದಾರಿ ಬೇರೆ. ಅಲ್ಲಿ ಮೊದಲ ಕ್ಯಾಲ್ಸಿಯಮ್ ಹೊರಗಿನಿಂದಲೇ ನುಗ್ಗುತ್ತದೆ.

ಇಷ್ಟೆಲ್ಲ ಏರ್ಪಾಡು ಕ್ಯಾಲ್ಸಿಯಮ್‌ಗಾಗಿಯೇ ಏಕೆ? ವಿಶ್ರಾಂತ ಕೋಶದ ಒಳಗಿನ ದ್ರವದಲ್ಲಿ ಇರುವುದಕ್ಕಿಂತ ಸುಮಾರು 10,000 ಪಟ್ಟು ಹೆಚ್ಚು ಕ್ಯಾಲ್ಸಿಯಮ್ ಅಯಾನುಗಳು ಕೋಶದ ಹೊರಗಿವೆ. ಈ ಅಂತರವನ್ನು ಉಳಿಸಿಕೊಳ್ಳಲು ಕೋಶ ಸದಾ ಶಕ್ತಿ ವ್ಯಯಿಸುತ್ತಿರುತ್ತದೆ. ಒಳಗೆ ಇಷ್ಟು ಕಡಿಮೆ ಇರುವುದರಿಂದಲೇ, ಸ್ವಲ್ಪ ಬಂದರೂ ಅದು ಸ್ಪಷ್ಟ ಸಂಜ್ಞೆಯಾಗುತ್ತದೆ. ನಿಶ್ಶಬ್ದದ ಕೋಣೆಯಲ್ಲಿ ಪಿಸುಮಾತೂ ಕೇಳಿಸುವುದಲ್ಲವೆ?

ಬಂದ ಕ್ಯಾಲ್ಸಿಯಮ್ ಅಯಾನುಗಳು, ಒಂದಕ್ಕೆ ನಾಲ್ಕರಂತೆ, ಕ್ಯಾಲ್‌ಮಾಡ್ಯುಲಿನ್ ಎಂಬ ಪುಟ್ಟ ಪ್ರೋಟೀನಿಗೆ ಅಂಟುತ್ತವೆ. ಈ ಜೋಡಿ ಒಂದು ಕೈನೇಸ್ ಕಿಣ್ವವನ್ನು ಎಬ್ಬಿಸುತ್ತದೆ. ಅದು ಮಯೊಸಿನ್ ಎಂಬ ಮೋಟಾರು ಪ್ರೋಟೀನಿಗೆ ಒಂದು ಫಾಸ್ಫೇಟನ್ನು ಅಂಟಿಸುತ್ತದೆ. ಆಗ ಮಯೊಸಿನ್ ಪಕ್ಕದ ಆಕ್ಟಿನ್ ಎಳೆಯನ್ನು ಹಿಡಿದು ಜಗ್ಗುತ್ತದೆ, ಕೋಶ ಕುಗ್ಗುತ್ತದೆ. ತೋಳಿನ ಸ್ನಾಯುವಿನಲ್ಲಿ ಕ್ಯಾಲ್ಸಿಯಮ್ ಒತ್ತುವ ಗುಂಡಿ ಇರುವುದು ಆಕ್ಟಿನ್ ಎಳೆಯ ಮೇಲೆ, ಹಾಗಾಗಿ ಅಲ್ಲಿ ಕೆಲಸ ಕ್ಷಣಾರ್ಧದಲ್ಲಿ ಆಗುತ್ತದೆ. ಕರುಳಿನದು ಸುತ್ತುಬಳಸಿನ ದಾರಿ, ಆದ್ದರಿಂದ ನಿಧಾನ. ಆದರೆ ಒಮ್ಮೆ ಬಿಗಿದ ಮೇಲೆ ಕಡಿಮೆ ಶಕ್ತಿಯಲ್ಲಿ ಬಹಳ ಹೊತ್ತು ಹಿಡಿದಿರಬಲ್ಲದು. ಮುಷ್ಟಿ ಬಿಗಿಹಿಡಿದು ಹತ್ತು ನಿಮಿಷ ಕುಳಿತು ನೋಡಿ, ಈ ಉಳಿತಾಯದ ಬೆಲೆ ತಿಳಿಯುತ್ತದೆ.

ಬಿಗಿದದ್ದು ಸಡಿಲವಾಗಲೂ ಬೇಕು. ಕ್ಯಾಲ್ಸಿಯಮನ್ನು ಹೊರಕ್ಕೂ ಚೀಲಗಳಿಗೂ ವಾಪಸು ತಳ್ಳುವ ಪಂಪುಗಳಿವೆ. ಮಯೊಸಿನ್‌ನ ಫಾಸ್ಫೇಟನ್ನು ಕಿತ್ತುಹಾಕುವ ಫಾಸ್ಫಟೇಸ್ ಕಿಣ್ವವೂ ಇದೆ. ಇದಲ್ಲದೆ ‘ಸಡಿಲವಾಗು’ ಎಂದೇ ಹೇಳುವ ನರಗಳಿವೆ. ಅವು ಬಿಡುವ ಮುಖ್ಯ ದೂತ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ. ಇದಕ್ಕೆ ಪೊರೆಯ ತಡೆ ಇಲ್ಲ, ನೇರ ಒಳನುಗ್ಗಿ ಸೈಕ್ಲಿಕ್ ಜಿಎಂಪಿ ಎಂಬ ಅಣುವಿನ ತಯಾರಿಕೆಯನ್ನು ಹೆಚ್ಚಿಸುತ್ತದೆ. ಕ್ಯಾಲ್ಸಿಯಮ್ ಇಳಿಯುತ್ತದೆ, ಫಾಸ್ಫಟೇಸ್ ಚುರುಕಾಗುತ್ತದೆ.

ತುತ್ತಿನ ಹಿಂದೆ ಬಿಗಿತ, ಮುಂದೆ ಸಡಿಲಿಕೆ ಎಂಬ ನಿಯಮವನ್ನು ಬೇಲಿಸ್ ಮತ್ತು ಸ್ಟಾರ್ಲಿಂಗ್ 1899ರಲ್ಲಿ ತೋರಿಸಿದರು. ಮುಂದಿನ ಭಾಗ ಸಡಿಲವಾಗದಿದ್ದರೆ ಏನಾದೀತು? ಸುಮಾರು 5,000 ಶಿಶುಗಳಲ್ಲಿ ಒಂದಕ್ಕೆ ಹುಟ್ಟುವಾಗಲೇ ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳಿರುವುದಿಲ್ಲ. ಸ್ನಾಯು ಇದೆ, ‘ಸಡಿಲವಾಗು’ ಎನ್ನುವವರಿಲ್ಲ. ಆ ಭಾಗ ಬಿಗಿದೇ ಉಳಿದು, ಅದರ ಹಿಂದಿನ ಕರುಳು ಉಬ್ಬುತ್ತದೆ. ಇದು ಹರ್ಷ್‌ಸ್ಪ್ರಂಗ್ ರೋಗ. ಹುಟ್ಟಿದ ಎರಡು ದಿನಗಳಾದರೂ ಮಗು ಮಲ ವಿಸರ್ಜಿಸದಿದ್ದರೆ ವೈದ್ಯರು ಇದನ್ನು ಶಂಕಿಸುತ್ತಾರೆ. ನರಕೋಶಗಳಿಲ್ಲದ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕಾಗುತ್ತದೆ.

ಹೊಟ್ಟೆ ನುಲಿತಕ್ಕೆ ಕೊಡುವ ಮಾತ್ರೆಗಳು ಈ ಸರಪಣಿಯ ಬೇರೆ ಬೇರೆ ಕೊಂಡಿಗಳನ್ನು ಹಿಡಿಯುತ್ತವೆ. ಡೈಸೈಕ್ಲೊಮಿನ್ ಮಸ್ಕರಿನಿಕ್ ಗ್ರಾಹಕವನ್ನು ಮುಚ್ಚುತ್ತದೆ. ಅಂಥದೇ ಗ್ರಾಹಕಗಳು ಲಾಲಾಗ್ರಂಥಿಯಲ್ಲೂ ಇರುವುದರಿಂದ ಬಾಯಿ ಒಣಗುತ್ತದೆ. ಡ್ರೊಟಾವೆರಿನ್ ಗ್ರಾಹಕದ ತಂಟೆಗೆ ಹೋಗದೆ, ಸಡಿಲಿಕೆಗೆ ನೆರವಾಗುವ ಸೈಕ್ಲಿಕ್ ಎಎಂಪಿ ಒಡೆದುಹೋಗದಂತೆ ತಡೆಯುತ್ತದೆ. ಕರುಳಿಗೆ ತಡೆ ಬಿದ್ದು ನುಲಿತ ಬಂದಿದ್ದರೆ ಇಂಥ ಮಾತ್ರೆ ಅಪಾಯಕರ, ನೋವಿನ ಸದ್ದಡಗಿಸಿ ರೋಗವನ್ನು ಮರೆಮಾಡೀತು. ನುಲಿತದ ಜೊತೆ ವಾಂತಿ, ಹೊಟ್ಟೆಯುಬ್ಬರ ಇದ್ದರೆ ಔಷಧದಂಗಡಿಗೆ ಹೋಗದೆ ವೈದ್ಯರಲ್ಲಿಗೇ ಹೋಗಿ.

ನಮ್ಮ ಹೊಲಗಳಲ್ಲಿ ಸಿಂಪಡಿಸುವ ಕೆಲವು ಕೀಟನಾಶಕಗಳೂ ಇದೇ ಸರಪಣಿಗೆ ಕೈಹಾಕುತ್ತವೆ. ಕೆಲಸ ಮುಗಿದ ಅಸಿಟೈಲ್‌ಕೋಲಿನನ್ನು ಒಡೆಯುವ ಕಿಣ್ವವೊಂದಿದೆ. ಆರ್ಗನೊಫಾಸ್ಫೇಟ್ ಕೀಟನಾಶಕಗಳು ಈ ಕಿಣ್ವವನ್ನು ಕೆಡಿಸುತ್ತವೆ. ಅಸಿಟೈಲ್‌ಕೋಲಿನ್ ಶೇಖರವಾಗಿ, ಅಂಚೆಯವನು ಬಾಗಿಲು ಬಿಟ್ಟು ಕದಲದಂತಾಗುತ್ತದೆ. ಹೊಟ್ಟೆ ಹಿಂಡಿ ವಾಂತಿ, ಭೇದಿ ಆಗುತ್ತವೆ, ಬಾಯಲ್ಲಿ ಜೊಲ್ಲು ಸುರಿಯುತ್ತದೆ. ಇದಕ್ಕೆ ಕೊಡುವ ಔಷಧ ಅಟ್ರೊಪಿನ್. ಬೇಲಿಬದಿಯ ಉಮ್ಮತ್ತದಲ್ಲಿರುವ ವಿಷಗಳಲ್ಲಿ ಅದೂ ಒಂದು. ಹಾಗೆಂದು ಉಮ್ಮತ್ತವನ್ನು ಮನೆಮದ್ದಾಗಿ ಬಳಸುವಂತಿಲ್ಲ, ಬೀಜದಿಂದ ಬೀಜಕ್ಕೆ ವಿಷದ ಪ್ರಮಾಣ ಬದಲಾಗುತ್ತದೆ. ಅಟ್ರೊಪಿನ್ ಮಸ್ಕರಿನಿಕ್ ಗ್ರಾಹಕಗಳನ್ನು ಮಾತ್ರ ಮುಚ್ಚುತ್ತದೆ. ಉಸಿರಾಟದ ಸ್ನಾಯುಗಳಲ್ಲಿರುವ ಗ್ರಾಹಕಗಳು ಬೇರೆ ಬಗೆಯವು, ಅವುಗಳ ಮೇಲೆ ಅದರ ಆಟ ನಡೆಯದು. ಆದ್ದರಿಂದಲೇ ಕರುಳು ಶಾಂತವಾದ ಮೇಲೂ ಇಂಥ ರೋಗಿಯನ್ನು ಮನೆಗೆ ಕಳುಹಿಸದೆ, ಅಗತ್ಯ ಬಿದ್ದರೆ ಕೃತಕ ಉಸಿರಾಟ ಕೊಡಲು ಆಸ್ಪತ್ರೆಯಲ್ಲೇ ಕೆಲವು ದಿನ ಇರಿಸಿಕೊಳ್ಳುತ್ತಾರೆ.