ಮೈಕ್ರೋಕಂಟ್ರೋಲರ್ ಬೋರ್ಡಿಗೆ ಮಾಡ್ಯೂಲುಗಳ ಜೋಡಣೆ: ಸಣ್ಣ ಉದ್ದಿಮೆದಾರರು ಗಮನಿಸಬೇಕಾದ ಅಂಶಗಳು

ಗುಬ್ಬಿ, ಕುಣಿಗಲ್ ಹಾಗೂ ತುಮಕೂರು ನಗರದ ಸುತ್ತಮುತ್ತ ಹಪ್ಪಳ, ಮೆಣಸಿನಪುಡಿ, ಕೊಬ್ಬರಿ ಮುಂತಾದುವನ್ನು ಬಿಸಿಗಾಳಿಯಲ್ಲಿ ಒಣಗಿಸುವ ಸಣ್ಣ ಘಟಕಗಳಿಗೆ ಉಷ್ಣತೆ ಮತ್ತು ತೇವಾಂಶದ ನಿಯಂತ್ರಣವೇ ಮುಖ್ಯ ಸಮಸ್ಯೆ. ಸಿದ್ಧಪಡಿಸಿದ ನಿಯಂತ್ರಣ ಪ್ಯಾನೆಲ್ ದುಬಾರಿ ಎನಿಸಿದಾಗ ಕೆಲವು ನೂರು ರೂಪಾಯಿಗಳಿಗೆ ದೊರೆಯುವ ಮೈಕ್ರೋಕಂಟ್ರೋಲರ್ ಬೋರ್ಡಿನತ್ತ ಗಮನ ಹರಿಯುವುದು ಸಹಜ. ಮರಳೂರಿನ ಶ್ರೀ ಸಿದ್ಧಾರ್ಥ ತಾಂತ್ರಿಕ ಮಹಾವಿದ್ಯಾಲಯದಲ್ಲಿಯೋ, ಬಿ.ಎಚ್. ರಸ್ತೆಯ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯದಲ್ಲಿಯೋ ಓದುವ ಮನೆಯ ಮಕ್ಕಳು ಇಂತಹ ಬೋರ್ಡನ್ನು ಜೋಡಿಸಿ ಮೇಜಿನ ಮೇಲೆ ಓಡಿಸಿ ತೋರಿಸಬಲ್ಲರು. ಆದರೆ ಮೇಜಿನ ಮೇಲೆ ಓಡಿದ್ದು ಘಟಕದಲ್ಲಿ ಮೋಟಾರಿನ ಪಕ್ಕಕ್ಕೆ ಬಂದೊಡನೆ ನಿಂತುಹೋಗುವುದುಂಟು. ಇದಕ್ಕೆ ಪ್ರೋಗ್ರಾಮಿಗಿಂತ ಜೋಡಣೆಯೇ ಹೆಚ್ಚಾಗಿ ಕಾರಣವಾಗಿರುತ್ತದೆ.

ಆರ್ಡುಯಿನೋ ಬೋರ್ಡು 2005ರಲ್ಲಿ ಇಟಲಿಯ ಇವ್ರೇಯಾ ಪಟ್ಟಣದಲ್ಲಿ ವಿನ್ಯಾಸ ವಿದ್ಯಾರ್ಥಿಗಳಿಗಾಗಿ ರೂಪುಗೊಂಡಿತು. ಇದರ ಬಹುಬಳಕೆಯ ಮಾದರಿಯಾದ ಊನೋದಲ್ಲಿ 14 ಡಿಜಿಟಲ್ ಮತ್ತು 6 ಅನಲಾಗ್ ಪಿನ್ನುಗಳಿದ್ದು, ಅವು 5 ವೋಲ್ಟ್‌ನಲ್ಲಿ ಕೆಲಸ ಮಾಡುತ್ತವೆ. ವೈಫೈ ಸೌಲಭ್ಯವುಳ್ಳ ಇಎಸ್‌ಪಿ32 ಬೋರ್ಡಿನ ಪಿನ್ನುಗಳಾದರೋ 3.3 ವೋಲ್ಟ್‌ನವು. ಮೊದಲ ಬಾರಿಗೆ ಕೈಹಾಕುವವರು ಎಡವುವುದು ಇಲ್ಲಿಯೇ. ಉದಾಹರಣೆಗೆ, ತೊಟ್ಟಿಯ ನೀರಿನ ಮಟ್ಟ ಅಳೆಯಲು ಬಳಸುವ ಎಚ್‌ಸಿ-ಎಸ್‌ಆರ್04 ಎಂಬ ಅಲ್ಟ್ರಾಸಾನಿಕ್ ಸೆನ್ಸರ್ ತನ್ನ ಎಕೋ ಪಿನ್ನಿನಿಂದ 5 ವೋಲ್ಟ್ ಸಂಕೇತ ಹೊರಡಿಸುತ್ತದೆ. ಅದನ್ನು ನೇರವಾಗಿ ಇಎಸ್‌ಪಿ32ಕ್ಕೆ ಕೊಟ್ಟರೆ ಚಿಪ್ಪಿಗೆ ಹಾನಿಯಾಗಬಹುದು. ಸಂಕೇತದ ದಾರಿಯಲ್ಲಿ 1 ಕಿಲೋ ಓಮ್, ಅಲ್ಲಿಂದ ಗ್ರೌಂಡಿಗೆ 2 ಕಿಲೋ ಓಮ್ ರೆಸಿಸ್ಟರ್ ಹಾಕಿ ನಡುವಿನಿಂದ ತೆಗೆದುಕೊಂಡರೆ ಸುಮಾರು 3.3 ವೋಲ್ಟ್ ದೊರೆಯುತ್ತದೆ. ಬೋರ್ಡಿಗೂ ಮಾಡ್ಯೂಲಿಗೂ ಬೇರೆ ಬೇರೆ ಅಡಾಪ್ಟರ್ ಬಳಸಿದಾಗ ಎರಡರ ಗ್ರೌಂಡ್ ತಂತಿಗಳನ್ನು ಕೂಡಿಸಲೇಬೇಕು. ಇದನ್ನು ಮರೆತರೆ ಸಂಕೇತಕ್ಕೆ ಅರ್ಥವೇ ಇರುವುದಿಲ್ಲ.

ವೋಲ್ಟೇಜಿನ ನಂತರ ವಿದ್ಯುತ್ ಪ್ರವಾಹದ ಲೆಕ್ಕ. ಹಳೆಯ ಊನೋದ ಒಂದು ಪಿನ್ನಿನಿಂದ 20 ಮಿಲಿ ಆಂಪಿಯರ್‌ವರೆಗೆ ಪಡೆಯುವುದು ಕ್ಷೇಮ. 2023ರಲ್ಲಿ ಬಂದ ಊನೋ ಆರ್4ರಲ್ಲಿ ಈ ಮಿತಿ ಕೇವಲ 8 ಮಿಲಿ ಆಂಪಿಯರ್. ನೀಲಿ ಡಬ್ಬಿಯ ಸಾಮಾನ್ಯ 5 ವೋಲ್ಟ್ ರಿಲೇ ಸುಮಾರು 70 ಮಿಲಿ ಆಂಪಿಯರ್ ಬೇಡುವುದರಿಂದ ಅದನ್ನು ಪಿನ್ನಿಗೆ ನೇರವಾಗಿ ಕಟ್ಟಬಾರದು. ಟ್ರಾನ್ಸಿಸ್ಟರ್ ಸಹಿತವಾದ ರಿಲೇ ಮಾಡ್ಯೂಲನ್ನೇ ಕೊಳ್ಳಬೇಕು. ನಾಲ್ಕು ರಿಲೇಗಳಾದರೆ ಸುಮಾರು 280 ಮಿಲಿ ಆಂಪಿಯರ್. ಬೋರ್ಡಿಗೆ 12 ವೋಲ್ಟ್ ಕೊಟ್ಟು ಅದರ 5 ವೋಲ್ಟ್ ಪಿನ್ನಿನಿಂದ ಇದನ್ನು ಪಡೆದರೆ, ಬೋರ್ಡಿನ ಪುಟ್ಟ ರೆಗ್ಯುಲೇಟರ್ ಮೇಲೆ ಹತ್ತಿರ ಹತ್ತಿರ 2 ವಾಟ್ ಶಾಖ ಬೀಳುತ್ತದೆ. ಮುಟ್ಟಿದರೆ ಸುಡುತ್ತದೆ, ಕ್ರಮೇಣ ಬೋರ್ಡು ತಾನೇ ನಿಂತು ಚಾಲೂ ಆಗತೊಡಗುತ್ತದೆ. ರಿಲೇಗಳಿಗೆ ಪ್ರತ್ಯೇಕ 5 ವೋಲ್ಟ್ ಅಡಾಪ್ಟರ್ ಇಡುವುದೇ ಮೇಲು. ಮೊಬೈಲಿಗೆ ಸಂದೇಶ ಕಳುಹಿಸುವ ಎಸ್‌ಐಎಂ800ಎಲ್ ಮಾಡ್ಯೂಲ್ ಕ್ಷಣಮಾತ್ರ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಇದು 2ಜಿ ಮಾಡ್ಯೂಲ್ ಆದುದರಿಂದ ಜಿಯೋ ಸಿಮ್ ಇದರಲ್ಲಿ ನಡೆಯದು.

ಸೆನ್ಸರುಗಳ ವಿಷಯದಲ್ಲಿ ಹೆಚ್ಚು ತೊಡಕಿಲ್ಲ. ಡಿಎಸ್18ಬಿ20 ಉಷ್ಣತಾ ಸೆನ್ಸರಿಗೆ ಸಂಕೇತದ ತಂತಿ ಮತ್ತು ಧನ ತಂತಿಯ ನಡುವೆ 4.7 ಕಿಲೋ ಓಮ್ ರೆಸಿಸ್ಟರ್ ಅಗತ್ಯ. ತೇವಾಂಶವನ್ನೂ ತಿಳಿಸುವ ಡಿಎಚ್‌ಟಿ22ನ್ನು 2 ಸೆಕೆಂಡಿಗೊಮ್ಮೆಗಿಂತ ಹೆಚ್ಚು ಬಾರಿ ಓದಬಾರದು. ಐ2ಸಿ ವಿಧಾನದಲ್ಲಿ ಎರಡೇ ತಂತಿಗಳ ಮೇಲೆ ಹಲವು ಮಾಡ್ಯೂಲುಗಳು ಕೂರಬಹುದಾದರೂ ಪ್ರತಿಯೊಂದಕ್ಕೂ ಬೇರೆ ವಿಳಾಸ ಬೇಕು. ಎಲ್‌ಸಿಡಿ ಫಲಕದಲ್ಲಿ ಅಕ್ಷರ ಮೂಡದೆ ಬೆಳಕು ಮಾತ್ರ ಬಂದರೆ, ವಿಳಾಸ 27ರ ಬದಲು 3ಎಫ್ ಇದೆಯೇ ಎಂದು ಮೊದಲು ಪರೀಕ್ಷಿಸಬೇಕು. ಅದರ ಬೆನ್ನಿನ ತಿರುಪನ್ನೂ ಒಮ್ಮೆ ತಿರುಗಿಸಿ ನೋಡಬೇಕು. ಈ ತಂತಿಗಳು ಪ್ಯಾನೆಲ್ ಒಳಗಿನ ಅಳತೆಗೆ ಮಾತ್ರ. ಶೆಡ್ಡಿನ ಇನ್ನೊಂದು ತುದಿಯವರೆಗೆ ಹೋಗಬೇಕಾದರೆ ಆರ್‌ಎಸ್-485 ಸೆನ್ಸರನ್ನೇ ಆರಿಸಿಕೊಳ್ಳಬೇಕು.

ನಿಜವಾದ ಅಪಾಯವಿರುವುದು 230 ವೋಲ್ಟ್‌ನ ಬದಿಯಲ್ಲಿ. ರಿಲೇ ಮೇಲೆ 10 ಆಂಪಿಯರ್ ಎಂದು ಅಚ್ಚಾಗಿರುವುದನ್ನು ನಂಬಿ ಮೋಟಾರನ್ನು ಅದಕ್ಕೇ ಕಟ್ಟುವವರಿದ್ದಾರೆ. ಮೋಟಾರು ಚಾಲೂ ಆಗುವ ಕ್ಷಣದಲ್ಲಿ ಎಳೆಯುವ ಪ್ರವಾಹವು ಸಾಮಾನ್ಯ ಓಟದ ಹಲವು ಪಟ್ಟು ಇರುವುದರಿಂದ ರಿಲೇಯ ಸಂಪರ್ಕಬಿಂದುಗಳು ಬೆಸೆದುಕೊಳ್ಳುತ್ತವೆ. ಆ ಬಳಿಕ ಬೋರ್ಡು ಆಜ್ಞೆ ಕೊಟ್ಟರೂ ಮೋಟಾರು ನಿಲ್ಲದು. ರಿಲೇಯು ಕಾಂಟ್ಯಾಕ್ಟರಿನ ಕಾಯಿಲನ್ನು ಮಾತ್ರ ನಡೆಸಬೇಕು, ಓವರ್‌ಲೋಡ್ ರಿಲೇ ಇದ್ದಲ್ಲಿಯೇ ಇರಬೇಕು. ಕಾಯಿಲಿಗೆ ಅಡ್ಡಲಾಗಿ ಸ್ನಬ್ಬರ್ ಹಾಕಿದರೆ ಕಾಂಟ್ಯಾಕ್ಟರ್ ಬಿಟ್ಟಾಗಲೆಲ್ಲ ಬೋರ್ಡು ತಾನಾಗಿ ಮರುಚಾಲೂ ಆಗುವ ಕಾಟ ಬಹುಮಟ್ಟಿಗೆ ತಪ್ಪುತ್ತದೆ.

ಇನ್ನೊಂದು ಸೂಕ್ಷ್ಮ. ಮಾರುಕಟ್ಟೆಯ ಹಲವು ರಿಲೇ ಮಾಡ್ಯೂಲುಗಳು ಪಿನ್ನಿನ ವೋಲ್ಟೇಜ್ ಸೊನ್ನೆಯಾದಾಗ ಚಾಲೂ ಆಗುವಂಥವು. ಕರೆಂಟು ಹೋಗಿ ಬಂದಾಗ ಪ್ರೋಗ್ರಾಮು ಪಿನ್ನಿಗೆ ಮೊದಲು ಹೈ ಕೊಟ್ಟು, ಅನಂತರವೇ ಅದನ್ನು ಔಟ್‌ಪುಟ್ ಎಂದು ಘೋಷಿಸದಿದ್ದರೆ ರಿಲೇ ಒಂದು ಕ್ಷಣ ಚಾಲೂ ಆಗುತ್ತದೆ. ಫ್ಯಾನಾದರೆ ಚಿಂತೆಯಿಲ್ಲ, ಹೀಟರಾದರೆ ಹಾಗಲ್ಲ. ಒಣಗಿಸುವ ಕೊಠಡಿಯ ಹೀಟರಿನ ಸಾಲಿನಲ್ಲಿ, ಬೋರ್ಡಿಗೆ ಯಾವ ಸಂಬಂಧವೂ ಇಲ್ಲದ ಯಾಂತ್ರಿಕ ಥರ್ಮೋಸ್ಟಾಟ್ ಒಂದನ್ನು ಅಳವಡಿಸದೆ ರಾತ್ರಿಪಾಳಿ ನಡೆಸಕೂಡದೆಂಬುದು ಈ ಲೇಖಕನ ಖಚಿತ ಅಭಿಪ್ರಾಯ. ಪ್ಯಾನೆಲಿನ ಈ ಭಾಗದ ಕೆಲಸವನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಗೇ ಒಪ್ಪಿಸತಕ್ಕದ್ದು.

ವರ್ತಕರು ಕೇಳುವ ಪ್ರಶ್ನೆಯೊಂದುಂಟು: ಲೋಡ್‌ಸೆಲ್ ಮತ್ತು ಎಚ್‌ಎಕ್ಸ್711 ಮಾಡ್ಯೂಲ್ ಕೂಡಿಸಿ ತಕ್ಕಡಿ ಮಾಡಿಕೊಳ್ಳಬಹುದೇ? ಅಭ್ಯಾಸಕ್ಕೆ ಅಡ್ಡಿಯಿಲ್ಲ. ಆದರೆ 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದಂತೆ, ಇಲಾಖೆಯ ಪರಿಶೀಲನೆ ಹಾಗೂ ಮುದ್ರೆಯಿಲ್ಲದ ತೂಕದ ಯಂತ್ರದಲ್ಲಿ ಸರಕು ತೂಗಿ ಮಾರುವಂತಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಈ ಮಾಡ್ಯೂಲುಗಳೆಲ್ಲವೂ ದೊರೆಯುತ್ತವೆ. ಪ್ರತಿಯೊಂದನ್ನೂ ಎರಡೆರಡು ಕೊಂಡು, ಒಂದೊಂದನ್ನೇ ಜೋಡಿಸಿ ಪರೀಕ್ಷಿಸಿ, ಅದು ಸರಿಯೆಂದು ಕಂಡ ಬಳಿಕ ಮುಂದಿನದಕ್ಕೆ ಹೋಗುವುದು ಒಳಿತು. ಒಂದು ಗಂಟೆ ನಿಂತರೆ ದಿನದ ಮಾಲೇ ಕೆಡುವಂತಹ ಕೆಲಸಕ್ಕೆ ಪಿಎಲ್‌ಸಿಯ ಬೆಲೆ ಹೆಚ್ಚೇನಲ್ಲ. ಬೋರ್ಡನ್ನೇ ಉಳಿಸಿಕೊಳ್ಳುವುದಾದರೆ ತಂತಿಗಳ ಬಣ್ಣ, ಪಿನ್ನಿನ ಸಂಖ್ಯೆ ಬರೆದ ನಕ್ಷೆಯನ್ನು ಪ್ಯಾನೆಲ್ ಬಾಗಿಲಿನ ಒಳಬದಿಗೆ ಅಂಟಿಸಿ, ಪ್ರೋಗ್ರಾಮಿನ ಪ್ರತಿಯನ್ನು ಕಚೇರಿಯ ಕಂಪ್ಯೂಟರಿನಲ್ಲಿ ಇರಿಸತಕ್ಕದ್ದು. ಜೋಡಿಸಿಕೊಟ್ಟ ಹುಡುಗ ಓದು ಮುಗಿಸಿ ಬೆಂಗಳೂರಿಗೆ ಹೋದ ಮೇಲೆ ಬರುವ ಎಲೆಕ್ಟ್ರಿಷಿಯನ್ನರ ಕೈಗೆ ಸಿಗುವುದು ಅವೆರಡೇ.