ಕೈಮಗ್ಗದ ಉಣ್ಣೆ ಮಫ್ಲರ್: ಉಡುಗೊರೆ ವ್ಯಾಪಾರದಲ್ಲಿ ನಂಬಿಕೆಯೇ ಬಂಡವಾಳ

ಸಭೆ ಸಮಾರಂಭಗಳಲ್ಲಿ ಗಣ್ಯರಿಗೆ ಶಾಲು ಹೊದಿಸಿ, ಹಾರ ಹಾಕಿ, ಫಲತಾಂಬೂಲ ನೀಡಿ ಸನ್ಮಾನಿಸುವುದು ನಮ್ಮ ನಾಡಿನ ಸಂಪ್ರದಾಯ. ಆದರೆ ಹೀಗೆ ಹೊದಿಸುವ ಶಾಲುಗಳಲ್ಲಿ ಅನೇಕವು ಜರಿ ಅಂಚಿನ, ಕೃತಕ ನೂಲಿನವು. ಸಮಾರಂಭ ಮುಗಿದೊಡನೆ ಬೀರು ಸೇರುವ ಇವು, ಮತ್ತೊಬ್ಬರ ಸನ್ಮಾನದ ದಿನವೇ ಹೊರಬರುತ್ತವೆ. ಪಡೆದವರು ನಿತ್ಯವೂ ಬಳಸಬಹುದಾದ ಉಡುಗೊರೆಗೆ ಇಲ್ಲಿ ಅವಕಾಶವಿದೆ. ನಮ್ಮಲ್ಲಿನ ಚಳಿಗಾಲದ ಮುಂಜಾವಿಗೆ, ರಾತ್ರಿಯ ರೈಲು ಪ್ರಯಾಣಕ್ಕೆ, ಹವಾನಿಯಂತ್ರಿತ ಕಚೇರಿಗೆ ದಪ್ಪ ಶಾಲು ಬೇಕಿಲ್ಲ. ಕೈಮಗ್ಗದ ಹಗುರವಾದ ಉಣ್ಣೆ ಮಫ್ಲರ್ ಅಥವಾ ಸ್ಟೋಲ್ ಸಾಕು. ಆದರೆ ಈ ಸರಕಿನಲ್ಲಿ ಅಸಲಿ ನಕಲಿಗಳ ಬೆರಕೆ ಹೆಚ್ಚು. ಆದ್ದರಿಂದ ಸರಕನ್ನು ಅರಿಯದೆ ವ್ಯಾಪಾರಕ್ಕಿಳಿಯುವ ವರ್ತಕರು ಹಣದ ಜೊತೆಗೆ ಹೆಸರನ್ನೂ ಕಳೆದುಕೊಳ್ಳುವ ಸಂಭವವಿದೆ.

ಕುಲ್ಲುವಿನ ಪಾಠ

ಹಿಮಾಚಲ ಪ್ರದೇಶದ ಕುಲ್ಲು ಕಣಿವೆಯಲ್ಲಿ ಉಣ್ಣೆಯ ನೇಯ್ಗೆ ಮೂಲತಃ ಮನೆಬಳಕೆಯ ಕಸುಬು. ಅಲ್ಲಿನ ಮಹಿಳೆಯರು ಮೈಗೆ ಸುತ್ತಿಕೊಳ್ಳುವ ದಪ್ಪನೆಯ ‘ಪಟ್ಟು’ ಮನೆಯ ಮಗ್ಗದಲ್ಲೇ ಸಿದ್ಧವಾಗುತ್ತಿತ್ತು. 1940ರ ದಶಕದಲ್ಲಿ ಚಿತ್ರನಟಿ ದೇವಿಕಾ ರಾಣಿ ಅವರು ಕಣಿವೆಗೆ ಬಂದಾಗ ನೀಡಿದ ಪ್ರೋತ್ಸಾಹದಿಂದ ನಗರದವರಿಗೆ ಒಪ್ಪುವ ಅಳತೆಯ ಶಾಲು ನೇಯುವುದು ಆರಂಭವಾಯಿತೆಂಬುದು ಅಲ್ಲಿ ಪ್ರಚಲಿತವಿರುವ ಮಾತು. ಚಿತ್ರಕಲಾವಿದ ಸ್ವೆತೊಸ್ಲಾವ್ ರೋರಿಕ್ ಅವರನ್ನು 1945ರಲ್ಲಿ ವಿವಾಹವಾದ ದೇವಿಕಾ ರಾಣಿ, ಮುಂದೆ ಬೆಂಗಳೂರಿನ ಸಮೀಪದ ತಾತಗುಣಿಯಲ್ಲಿ ನೆಲೆಸಿದ್ದನ್ನು ನಮ್ಮ ಓದುಗರು ಬಲ್ಲರು. 1944ರಲ್ಲಿ ಸ್ಥಾಪನೆಯಾದ ಭುಟ್ಟಿ ನೇಕಾರರ ಸಹಕಾರ ಸಂಘವು ಈ ಕಸುಬನ್ನು ಸಂಘಟಿತ ಉದ್ಯಮವನ್ನಾಗಿ ಬೆಳೆಸಿತು. ನೇಯ್ಗೆಯ ಕೌಶಲ ಹಳೆಯದೇ. ಬದಲಾದದ್ದು ಅಳತೆ ಮತ್ತು ಬಳಕೆ. ಸಣ್ಣ ಉತ್ಪಾದಕರು ಗಮನಿಸಬೇಕಾದ ಮೊದಲ ಅಂಶವಿದು.

ಸಾಮಾನ್ಯವಾಗಿ ಶಾಲು ಒಂದು ಮೀಟರ್ ಅಗಲ, ಎರಡು ಮೀಟರ್ ಉದ್ದವಿರುತ್ತದೆ. ಸ್ಟೋಲ್‌ನ ಅಗಲ ಅದಕ್ಕಿಂತ ಕಡಿಮೆ; ಮಫ್ಲರ್ ಸುಮಾರು 30 ಸೆಂಟಿಮೀಟರ್ ಅಗಲವಷ್ಟೇ. ನೂಲು ಕಡಿಮೆ ಸಾಕಾಗುವುದರಿಂದ ಮಫ್ಲರ್‌ನ ಬೆಲೆ ಸಾಮಾನ್ಯ ಗ್ರಾಹಕರ ಕೈಗೆಟುಕುತ್ತದೆ.

ಬೆಲೆಯ ಅಂತರಕ್ಕೆ ಕಾರಣ

ಉಣ್ಣೆಯ ಗುಣಮಟ್ಟವನ್ನು ಎಳೆಯ ವ್ಯಾಸದಿಂದ, ಅಂದರೆ ಮೈಕ್ರಾನ್ ಲೆಕ್ಕದಲ್ಲಿ ಅಳೆಯುತ್ತಾರೆ. ಪಶ್ಮೀನಾ ಎಳೆ ಸುಮಾರು 12ರಿಂದ 16 ಮೈಕ್ರಾನ್. ಉಡುಪಿಗೆ ಬಳಸುವ ಮೆರಿನೋ ಉಣ್ಣೆ ಸಾಮಾನ್ಯವಾಗಿ 18ರಿಂದ 24 ಮೈಕ್ರಾನ್. ನಮ್ಮ ದಖ್ಖನಿ ಕುರಿಯ ಉಣ್ಣೆ ಇವೆರಡಕ್ಕಿಂತಲೂ ಒರಟು. ಚಳ್ಳಕೆರೆ ಭಾಗದ ಕಂಬಳಿಗೆ ಗಟ್ಟಿತನ ನೀಡುವ ಗುಣವೇ ಕುತ್ತಿಗೆಗೆ ಚುಚ್ಚುವ ದೋಷವೂ ಆಗುತ್ತದೆ. ಆದ್ದರಿಂದ ಸ್ಥಳೀಯ ಉಣ್ಣೆಯನ್ನು ಕಂಬಳಿ, ಆಸನ, ಚೀಲಗಳಿಗೆ ಬಳಸಿ, ಕೊರಳಿಗೆ ಸುತ್ತುವ ವಸ್ತ್ರಕ್ಕೆ ಮೃದುವಾದ ಉಣ್ಣೆಯನ್ನು ಆರಿಸಿಕೊಳ್ಳುವುದು ಲೇಸು.

ಕುಲ್ಲು ಮಾದರಿಯ ಅಂಚಿನ ಚಿತ್ತಾರವನ್ನು ನೇಕಾರರು ಬಣ್ಣದ ನೂಲಿನ ತುಂಡುಗಳನ್ನು ಹಾಸಿನ ಎಳೆಗಳ ನಡುವೆ ಬೆರಳಿನಿಂದಲೇ ಸೇರಿಸುತ್ತಾ ಮೂಡಿಸುತ್ತಾರೆ. ಸಾದಾ ಭಾಗದ ನೇಯ್ಗೆ ಅಡಿಗಳ ಲೆಕ್ಕದಲ್ಲಿ ಸಾಗಿದರೆ, ಚಿತ್ತಾರದ ಭಾಗ ಅಂಗುಲಗಳ ಲೆಕ್ಕದಲ್ಲಿ ಸಾಗುತ್ತದೆ. ಯಂತ್ರಮಗ್ಗದ ಅಕ್ರಿಲಿಕ್ ಮಫ್ಲರ್‌ಗೆ ಈ ಶ್ರಮದ ಖರ್ಚಿಲ್ಲ. ಎರಡನ್ನೂ ಒಂದೇ ಹೆಸರಿನಲ್ಲಿ ಪಕ್ಕಪಕ್ಕದಲ್ಲಿಟ್ಟರೆ ಅಗ್ಗದ್ದೇ ಗೆಲ್ಲುತ್ತದೆ. ಬಣ್ಣ ಮಾಸಿ, ಜುಂಜು ಎದ್ದಾಗ ಗ್ರಾಹಕರು ದೂಷಿಸುವುದು ಕೈಮಗ್ಗವನ್ನು; ಕೆಲಸ ಕಳೆದುಕೊಳ್ಳುವವರು ನೇಕಾರರು.

ಪರೀಕ್ಷಿಸುವ ವಿಧಾನ

ಕುಚ್ಚಿನಿಂದ ಒಂದೆರಡು ಎಳೆ ತೆಗೆದು ಎಚ್ಚರಿಕೆಯಿಂದ ಸುಟ್ಟು ನೋಡಬಹುದು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಉರಿ ತಾನಾಗಿ ಆರಿ, ಉಳಿದ ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಗಂಟಾಗುತ್ತದೆ. ಮೈಭಾಗ ಉಣ್ಣೆಯಾಗಿದ್ದು, ಚಿತ್ತಾರದ ನೂಲು ಮಾತ್ರ ಅಕ್ರಿಲಿಕ್ ಆಗಿರುವುದೂ ಉಂಟು. ಆದ್ದರಿಂದ ಅದನ್ನು ಪ್ರತ್ಯೇಕವಾಗಿ ವಿಚಾರಿಸಬೇಕು. ಉಂಗುರದೊಳಗೆ ತೂರಿಸಿ ಪಶ್ಮೀನಾ ಎಂದು ನಿರ್ಧರಿಸುವ ರೂಢಿಯನ್ನು ನಂಬುವಂತಿಲ್ಲ. ತೆಳುವಾದ ಕೃತಕ ಬಟ್ಟೆಯೂ ಉಂಗುರದಲ್ಲಿ ಸಲೀಸಾಗಿ ತೂರುತ್ತದೆ. ದುಬಾರಿ ಸರಕಿಗೆ ಪ್ರಯೋಗಾಲಯದ ವರದಿಯೇ ಆಧಾರ.

ಕಾನೂನಿನ ಅಂಶಗಳು

1985ರ ಕೈಮಗ್ಗ ಮೀಸಲಾತಿ ಕಾಯ್ದೆಯಡಿ 11 ಬಗೆಯ ವಸ್ತ್ರಗಳು ನಿಗದಿತ ತಾಂತ್ರಿಕ ಲಕ್ಷಣಗಳೊಂದಿಗೆ ಕೈಮಗ್ಗಕ್ಕೆ ಮೀಸಲಾಗಿವೆ. ಕಂಬಳಿ, ಶಾಲು, ಮಫ್ಲರ್‌ಗಳೂ ಈ ಪಟ್ಟಿಯಲ್ಲಿವೆ. ‘ಕುಲ್ಲು ಶಾಲು’, ‘ಕಾಶ್ಮೀರ ಪಶ್ಮೀನಾ’ ಎಂಬ ಹೆಸರುಗಳು 1999ರ ಭೌಗೋಳಿಕ ಸೂಚಕ ಕಾಯ್ದೆಯಡಿ ನೋಂದಣಿಯಾಗಿವೆ. ಇಂಥ ಹೆಸರುಗಳನ್ನು ಸುಳ್ಳಾಗಿ ಬಳಸಿದವರಿಗೆ ಸೆರೆವಾಸ ಮತ್ತು ದಂಡ ವಿಧಿಸಲು ಅವಕಾಶವಿದೆ. 2006ರಲ್ಲಿ ಜಾರಿಗೆ ಬಂದ ‘ಹ್ಯಾಂಡ್‌ಲೂಮ್ ಮಾರ್ಕ್’ ಚೀಟಿಯು ವಸ್ತ್ರವು ಕೈಮಗ್ಗದ್ದೆಂಬುದಕ್ಕೆ ಗುರುತು. ಟಿಬೆಟ್‌ನ ಚಿರು ಜಿಂಕೆಯನ್ನು ಕೊಂದು ಪಡೆಯುವ ‘ಶಾಹ್‌ತೂಶ್’ನ ವ್ಯಾಪಾರ ಸಂಪೂರ್ಣ ನಿಷಿದ್ಧ, ಯಾರೇ ತಂದರೂ ಮುಟ್ಟತಕ್ಕದ್ದಲ್ಲ.

ದಾಸ್ತಾನು ಮತ್ತು ಮಾರಾಟ

ಉಣ್ಣೆಗೆ ತೇವ ಹೀರುವ ಗುಣವಿರುವುದರಿಂದ ಮಳೆಗಾಲದಲ್ಲಿ ದಾಸ್ತಾನನ್ನು ಒಣಗಿದ, ಗಾಳಿಯಾಡುವ ಕಪಾಟಿನಲ್ಲಿಟ್ಟು, ಆಗಾಗ ಬಿಡಿಸಿ ಝಾಡಿಸಬೇಕು. ಉಣ್ಣೆ ತಿನ್ನುವುದು ನುಸಿಯ ಮರಿಹುಳು. ಕೊಳೆ, ಬೆವರು ಅಂಟಿದ ಬಟ್ಟೆಯನ್ನು ಅದು ಬೇಗ ಹಿಡಿಯುತ್ತದೆ. ತಣ್ಣೀರಿನಲ್ಲಿ ಸೌಮ್ಯ ಸಾಬೂನಿನಿಂದ ಒಗೆದು, ಹಿಂಡದೆ, ನೆರಳಿನಲ್ಲಿ ಹರಡಿ ಒಣಗಿಸಬೇಕೆಂಬ ಸೂಚನೆಯನ್ನು ಕನ್ನಡದಲ್ಲಿ ಮುದ್ರಿಸಿ ಪ್ರತಿ ಪೊಟ್ಟಣದಲ್ಲೂ ಇಡುವುದು ಸೂಕ್ತ. ಬಿಸಿನೀರಿನಲ್ಲಿ ಉಜ್ಜಿದರೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಟ್ಟೆ ಕುಗ್ಗುತ್ತದೆ.

ಹೊಸದಾಗಿ ಈ ಸರಕನ್ನು ಇಡುವವರು ಮೊದಲು ಸಾದಾ ಬಣ್ಣಗಳ ಮಫ್ಲರ್‌ಗಳನ್ನು ಅಲ್ಪ ಪ್ರಮಾಣದಲ್ಲಿ ತರಿಸಿ, ಸಂಘ ಸಂಸ್ಥೆಗಳಿಗೆ ಸನ್ಮಾನದ ಶಾಲಿನ ಬದಲಾಗಿ ತೋರಿಸಬಹುದು. ಅಕ್ರಿಲಿಕ್ ಸರಕನ್ನೂ ಮಾರಬಾರದೆಂದಿಲ್ಲ. ಅದನ್ನು ಅಕ್ರಿಲಿಕ್ ಎಂದೇ ಹೇಳಿ, ಬೇರೆ ಕಪಾಟಿನಲ್ಲಿಟ್ಟು ಮಾರಬೇಕು. ನೂಲಿನ ಬಗೆ, ಮಗ್ಗದ ಬಗೆ, ನೇಯ್ದ ಸ್ಥಳ ಈ ಮೂರನ್ನೂ ರಸೀದಿಯಲ್ಲಿ ನಮೂದಿಸುವ ಅಂಗಡಿಗೆ ಗ್ರಾಹಕರು ಮರಳಿ ಬರುತ್ತಾರೆ. ಸರಬರಾಜುದಾರರಿಂದಲೂ ಇದೇ ವಿವರಗಳುಳ್ಳ ರಸೀದಿಯನ್ನು ಪಡೆದ ನಂತರವೇ ಹಣ ಪಾವತಿಸುವುದು ಕ್ಷೇಮ.