ಅತಿಥಿಯ ವಾಹನಕ್ಕೂ ಒಂದು ರಾತ್ರಿಯ ಮೇವು

ತಮಿಳುನಾಡಿನ ಹೊಸೂರಿನಿಂದ ದಕ್ಷಿಣಾಭಿಮುಖವಾಗಿ ಹೊರಟು, ರಾಗಿಯ ಹೊಲಗಳನ್ನೂ ಗುಲಾಬಿ ಬೆಳೆಯುವ ಹಸಿರುಮನೆಗಳನ್ನೂ ಹಿಂದಿಕ್ಕಿ, ಸುಮಾರು ಇಪ್ಪತ್ತೈದು ಕಿಲೋಮೀಟರ್ ಕ್ರಮಿಸಿದರೆ ಸಿಕ್ಕುವ ಡೆಂಕಣಿಕೋಟೆಯು, ಬೇಟೆಗಾರನ ರೂಪದಲ್ಲಿ ನೆಲೆಸಿದ ವಿಷ್ಣುವಾದ ಬೇಟೆರಾಯಸ್ವಾಮಿಯ ಕ್ಷೇತ್ರವೆಂದೂ, ಕಾವೇರಿಯ ಕಣಿವೆಯವರೆಗೆ ಹಬ್ಬಿರುವ ಆನೆಯ ಕಾಡಿನ ಹೆಬ್ಬಾಗಿಲೆಂದೂ ಬಹುಕಾಲದಿಂದ ಪ್ರಸಿದ್ಧವಾದ ಊರು. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಸಂತೆಯಲ್ಲಿ ಕೇಳಬರುವ ಈ ಸೀಮೆಯ ತಂಪು ಹವೆಯನ್ನರಸಿ ಬಂದ ಬೆಂಗಳೂರಿನ ಜನ ತಳಿ, ಡೆಂಕಣಿಕೋಟೆ, ಅಂಚೆಟ್ಟಿಗಳ ಆಸುಪಾಸಿನಲ್ಲಿ ತೋಟದ ಮನೆಗಳನ್ನು ಕಟ್ಟಿಸಿಕೊಂಡರು. ಆ ಮನೆಗಳಲ್ಲಿ ಹಲವು ಕಾಲಕ್ರಮದಲ್ಲಿ ವಾರಾಂತ್ಯಕ್ಕೆ ಬಾಡಿಗೆಗೆ ದೊರೆಯುವ ತಂಗುಮನೆಗಳಾಗಿ ಪರಿಣಮಿಸಿದವು. ಅಂತಹ ಮನೆಗೆ ಫೋನ್ ಮಾಡಿ, ನೀರಿನ ಅನುಕೂಲವೇನು, ಅಡುಗೆಯವರಿದ್ದಾರೆಯೆ ಎಂದು ವಿಚಾರಿಸುತ್ತಿದ್ದವರು ಈಗ ಅದರೊಡನೆ ಮತ್ತೊಂದು ಪ್ರಶ್ನೆಯನ್ನೂ ಕೇಳತೊಡಗಿದ್ದಾರೆ: ಕಾರಿಗೆ ಚಾರ್ಜ್ ಹಾಕಲು ಹದಿನೈದು ಆಂಪಿಯರಿನ ಪವರ್ ಪ್ಲಗ್ ಇದೆಯೆ? ಈ ಪ್ರಶ್ನೆ ನಮ್ಮ ಹಾದಿಯಲ್ಲಿ ಹೇಗೆ ಹುಟ್ಟಿತೆಂಬುದು ವಿಚಾರಯೋಗ್ಯವಾದ ಸಂಗತಿ.

ಎತ್ತಿನ ಗಾಡಿಯ ಕಾಲದಲ್ಲಿ ಆತಿಥ್ಯವೆಂಬುದು ಮನುಷ್ಯನ ಊಟಕ್ಕೆ ಸೀಮಿತವಾಗಿರಲಿಲ್ಲ. ಇಳಿದ ಗಾಡಿಯ ನೊಗವನ್ನು ಕಳಚಿ, ಎತ್ತುಗಳಿಗೆ ಹುಲ್ಲು ಹಾಕಿ, ನೀರು ಕುಡಿಸಿದ ಮೇಲೆಯೇ ಗೃಹಸ್ಥನು ಅತಿಥಿಯನ್ನು ಎಲೆಯ ಮುಂದೆ ಕೂರಿಸುತ್ತಿದ್ದನು. ಬಂದವನು ಮರುದಿನ ಸುಖವಾಗಿ ಮುಂದಿನ ಊರನ್ನು ಸೇರಬೇಕಾದರೆ ಅವನನ್ನು ಹೊತ್ತು ತಂದ ಪ್ರಾಣಿಗೂ ರಾತ್ರಿಯ ಮೇವು ದೊರೆಯಬೇಕೆಂಬುದು ಸರ್ವವಿದಿತವಾಗಿದ್ದಿತು. ಮೋಟಾರು ಬಂದ ಬಳಿಕ ಈ ಕರ್ತವ್ಯವು ಆತಿಥೇಯನ ಹೆಗಲಿನಿಂದ ಇಳಿದುಹೋಯಿತು. ಪೂರ್ಣಚಂದ್ರ ತೇಜಸ್ವಿಯವರ ಭಾವಾನುವಾದಗಳ ಮೂಲಕ ಕನ್ನಡಿಗರಿಗೆ ಆಪ್ತನಾದ ಬೇಟೆಗಾರ ಕೆನೆತ್ ಆಂಡರ್ಸನ್ (1910–1974) ತನ್ನ ಸ್ಟುಡಿಬೇಕರ್ ಕಾರಿನಲ್ಲಿ ಬೆಂಗಳೂರಿನಿಂದ ಇದೇ ಸೀಮೆಯ ಜವಳಗಿರಿ, ಗುಮ್ಮಳಾಪುರಗಳ ಕಡೆಗೆ ಬರುತ್ತಿದ್ದ ದಿನಗಳಲ್ಲಿ, ಅರಣ್ಯ ಇಲಾಖೆಯ ಬಂಗಲೆಯು ಪ್ರಯಾಣಿಕನಿಗೆ ಸೂರನ್ನು ಒದಗಿಸುತ್ತಿತ್ತೇ ಹೊರತು ಅವನ ವಾಹನದ ಹೊಟ್ಟೆಯ ಚಿಂತೆ ಬಂಗಲೆಯ ಮೇಟಿಯದಾಗಿರಲಿಲ್ಲ. ಪೆಟ್ರೋಲು ಪೇಟೆಯ ಪದಾರ್ಥ, ಮನೆಯಲ್ಲಿ ಹುಟ್ಟುವುದಲ್ಲ.

ಆದರೆ ಆ ಪೆಟ್ರೋಲಿಗೂ ಆರಂಭದಲ್ಲಿ ತನ್ನದೆನ್ನುವ ಅಂಗಡಿಯಿಲ್ಲದ ಅನಾಥಸ್ಥಿತಿ ಇದ್ದಿತು. 1888ರ ಆಗಸ್ಟ್ ತಿಂಗಳಿನಲ್ಲಿ ಬೆರ್ಥಾ ಬೆಂಜ್ ಎಂಬ ಧೀರ ಮಹಿಳೆ, ಪತಿ ಕಾರ್ಲ್ ಬೆಂಜ್ ನಿರ್ಮಿಸಿದ ಮೂರು ಗಾಲಿಯ ವಾಹನದಲ್ಲಿ ತನ್ನ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಜರ್ಮನಿಯ ಮನ್‌ಹೈಮಿನಿಂದ ತವರೂರಾದ ಫೋರ್ಟ್ಸ್‌ಹೈಮಿಗೆ ಹೊರಟಾಗ, ದಾರಿಯಲ್ಲಿ ಇಂಧನವು ಮುಗಿದು, ವೀಸ್ಲೋಕ್ ಎಂಬ ಊರಿನ ಔಷಧದ ಅಂಗಡಿಯಲ್ಲಿ, ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರಾಯಿನ್ ಎಂಬ ದ್ರವವನ್ನು ಕೊಂಡು ಪ್ರಯಾಣವನ್ನು ಮುಂದುವರಿಸಿದಳು. ಮೋಟಾರಿಗಾಗಿ ಏರ್ಪಟ್ಟಿರದ ಒಂದು ಅಂಗಡಿಯೇ ಮೋಟಾರಿನ ಮೊದಲ ಇಂಧನಕೇಂದ್ರವಾಯಿತು. ವಿದ್ಯುತ್ ಕಾರಿನ ವಿಷಯದಲ್ಲಿ ಆ ಸ್ಥಾನ ದೊರೆತದ್ದು ನಮ್ಮ ಮನೆಗಳ ಗೋಡೆಯ ಮೇಲಿರುವ, ಗೀಜರಿಗೂ ನೀರೆತ್ತುವ ಮೋಟರಿಗೂ ಇಸ್ತ್ರಿಪೆಟ್ಟಿಗೆಗೂ ಒದಗುತ್ತಿದ್ದ ಮೂರು ತೂತಿನ ಪವರ್ ಪ್ಲಗ್ಗಿಗೆ.

ಈ ಕಥೆಯ ಭಾರತೀಯ ಅಧ್ಯಾಯದ ಒಂದು ಮುಖ್ಯ ಘಟ್ಟವು ನಡೆದದ್ದು ಇದೇ ಹೊಸೂರು ರಸ್ತೆಯ ಮೇಲೆ ಎಂಬುದು ನಮಗೆ ಅಭಿಮಾನದ ಸಂಗತಿ. ಬೊಮ್ಮಸಂದ್ರದ ಕಾರ್ಖಾನೆಯಿಂದ ಚೇತನ್ ಮೈನಿಯವರ ಸಂಸ್ಥೆಯು 2001ರಲ್ಲಿ ಹೊರತಂದ ರೇವಾ ಎಂಬ ಪುಟ್ಟ ಕಾರು, ಸೀಸದ ಬ್ಯಾಟರಿಗಳನ್ನು ಹೊತ್ತು, ಮನೆಯ ಹದಿನೈದು ಆಂಪಿಯರಿನ ಪ್ಲಗ್ಗಿನಿಂದ ಸುಮಾರು ಎಂಟು ಗಂಟೆ ಚಾರ್ಜ್ ಆದರೆ ಎಂಬತ್ತು ಕಿಲೋಮೀಟರ್ ಓಡುವುದೆಂದು ಘೋಷಿತವಾಗಿದ್ದಿತು. ಬೆಂಗಳೂರಿನ ನಡುಭಾಗದಿಂದ ಡೆಂಕಣಿಕೋಟೆಗೆ ಅರವತ್ತೈದು ಕಿಲೋಮೀಟರಿನಷ್ಟು ದೂರವಿರುವುದರಿಂದ, ಆ ಕಾರು ಇಲ್ಲಿಗೆ ಬಂದು ಸೇರಬಲ್ಲುದಾಗಿತ್ತು. ಆದರೆ ಇಲ್ಲಿ ಒಂದು ರಾತ್ರಿ ತಂಗಿ ಯಾರದಾದರೂ ಮನೆಯ ವಿದ್ಯುತ್ತನ್ನು ಪಡೆಯದೆ ಹಿಂದಿರುಗಲಾರದಾಗಿತ್ತು. ಪ್ರಯಾಣಿಕನ ವಾಹನಕ್ಕೆ ರಾತ್ರಿಯ ಆಶ್ರಯ ಮತ್ತೆ ಅಗತ್ಯವಾದದ್ದು ಆಗಲೇ. 2020ರ ಜನವರಿಯಲ್ಲಿ ಟಾಟಾ ನೆಕ್ಸಾನ್ ವಿದ್ಯುತ್ ಕಾರು 30.2 ಕಿಲೋವಾಟ್ ಗಂಟೆಯ (ಅಂದರೆ ಯೂನಿಟ್ಟಿನ) ಬ್ಯಾಟರಿಯೊಂದಿಗೆ ಬಂದು, ಪರೀಕ್ಷಾ ಸಂಸ್ಥೆಯ ಲೆಕ್ಕದಲ್ಲಿ 312 ಕಿಲೋಮೀಟರ್ ಓಡುವುದೆಂದು ದೃಢಪಟ್ಟ ಮೇಲೆ ಬೆಂಗಳೂರಿನವರಿಗೆ ದಾರಿಯಲ್ಲಿ ಬ್ಯಾಟರಿ ಮುಗಿಯುವ ಆತಂಕವು ಬಹುಮಟ್ಟಿಗೆ ಶಮನವಾಯಿತಾದರೂ, ಸಂಪೂರ್ಣವಾಗಿ ಹೋಗಲಿಲ್ಲ. ಡೆಂಕಣಿಕೋಟೆಗೆ ಬಂದವರು ಅಂಚೆಟ್ಟಿಯ ಘಟ್ಟವನ್ನಿಳಿದು ಹೊಗೇನಕಲ್ ಜಲಪಾತವನ್ನು ನೋಡದೆ ಹೋಗುವುದು ವಿರಳ; ಅಲ್ಲಿಂದ ಮರಳುವಾಗ ಸುಮಾರು ಆರುನೂರು ಮೀಟರ್ ಏರಬೇಕು. ಒಂದೂವರೆ ಟನ್ ತೂಕದ ಕಾರನ್ನು ಅಷ್ಟು ಎತ್ತರಕ್ಕೆ ಎತ್ತುವ ಕೆಲಸವೊಂದಕ್ಕೇ, ಗಾಳಿಯ ಮತ್ತು ರಸ್ತೆಯ ಘರ್ಷಣೆಯನ್ನು ಬಿಟ್ಟು, ಎರಡೂವರೆ ಯೂನಿಟ್ಟಿನಷ್ಟು ವಿದ್ಯುತ್ತು ವೆಚ್ಚವಾಗುತ್ತದೆ. ಇಳಿಜಾರಿನಲ್ಲಿ ಮೋಟರೇ ವಿದ್ಯುಜ್ಜನಕವಾಗಿ ಒಂದಂಶವನ್ನು ಬ್ಯಾಟರಿಗೆ ಹಿಂದಿರುಗಿಸುವುದುಂಟು. ಏರಿನಲ್ಲಿ ಹೋದದ್ದೆಲ್ಲವೂ ಅದರಿಂದ ತುಂಬಿಬರುವುದಿಲ್ಲ. ಚೆನ್ನೈನಿಂದಲೋ ಕೊಯಮತ್ತೂರಿನಿಂದಲೋ ಬರುವವರ ಮಾತಂತೂ ಬೇರೆಯೇ. ಕೃಷ್ಣಗಿರಿಯ ಹೆದ್ದಾರಿಯ ಹೋಟೆಲುಗಳ ಅಂಗಳದಲ್ಲಿ ಗಂಟೆಯೊಳಗೆ ಬ್ಯಾಟರಿಯನ್ನು ಬಹುಪಾಲು ತುಂಬಿಸುವ ವೇಗದ ಚಾರ್ಜರುಗಳು ಅವರಿಗೆ ದೊರೆಯುತ್ತವೆ. ಹೆದ್ದಾರಿಯನ್ನು ಬಿಟ್ಟು ಕಾಡಿನ ಅಂಚಿಗೆ ಬಂದ ಮೇಲೆ ಮನೆಯ ಪ್ಲಗ್ಗೇ ಗತಿ.

ಆ ಪ್ಲಗ್ಗಿನ ಸ್ಥಿತಿಯಾದರೂ ಎಂತಹುದು? ದುಂಡು ಮುಳ್ಳುಗಳ ಈ ವಿನ್ಯಾಸವು 1934ರ ಬ್ರಿಟಿಷ್ ಮಾನದಂಡದಿಂದ ನಮಗೆ ಬಂದದ್ದು. ಬ್ರಿಟನ್ನು 1947ರಲ್ಲಿ ಆಯತಾಕಾರದ ಮುಳ್ಳುಗಳ ಬೇರೊಂದು ಮಾನದಂಡವನ್ನು ಹೊರಡಿಸಿ ಅತ್ತ ಸಾಗಿತು, ನಾವು ಹಳೆಯದನ್ನೇ ಉಳಿಸಿಕೊಂಡೆವು. ಗೀಜರು ಅರ್ಧ ಗಂಟೆ ಉರಿದು ಆರುತ್ತದೆ, 3.3 ಕಿಲೋವಾಟಿನ ಕಾರಿನ ಚಾರ್ಜರಾದರೋ ಹದಿನಾಲ್ಕು ಆಂಪಿಯರಿಗೂ ಮಿಕ್ಕ ಪ್ರವಾಹವನ್ನು ರಾತ್ರಿಯಿಡೀ ಅವಿಚ್ಛಿನ್ನವಾಗಿ ಎಳೆಯುತ್ತದೆ. ತಂತಿಯ ತಾಪವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಸಡಿಲಗೊಂಡ ಸಾಕೆಟ್ಟು ಕರಗುವುದೂ, ಸುರುಳಿ ಬಿಚ್ಚದ ಎಕ್ಸ್‌ಟೆನ್ಷನ್ ಬೋರ್ಡಿನ ತಂತಿ ಸುಡುವುದೂ ಅಸಂಭವವೇನಲ್ಲ.

ಇನ್ನು ಅರ್ಥಿಂಗ್. ಕಾರಿನೊಡನೆ ಬರುವ ಚಾರ್ಜರಿನ ಪೆಟ್ಟಿಗೆಯು ವಿದ್ಯುತ್ತನ್ನು ಒಳಗೆ ಬಿಡುವ ಮೊದಲು ನೆಲದ ಸಂಪರ್ಕವನ್ನು ತಾನೇ ಪರೀಕ್ಷಿಸುತ್ತದೆ. ಅದು ಸಮರ್ಪಕವಾಗಿಲ್ಲವಾದರೆ ಕೆಂಪು ದೀಪವನ್ನು ತೋರಿಸಿ ಸುಮ್ಮನಾಗುತ್ತದೆ. ಫ್ಯಾನು ತಿರುಗುತ್ತಿದೆ, ಫ್ರಿಜ್ಜು ನಡೆಯುತ್ತಿದೆ, ಗ್ರೈಂಡರು ರುಬ್ಬುತ್ತಿದೆ; ಕಾರು ಮಾತ್ರ ಒಲ್ಲೆನ್ನುತ್ತದೆ. “ಕರೆಂಟು ಚೆನ್ನಾಗೇ ಇದೆಯಲ್ಲ ಸ್ವಾಮಿ” ಎಂದು ತೋಟದ ಮನೆಯ ಕಾವಲುಗಾರನು ಆಶ್ಚರ್ಯಪಡುವುದು ಸಹಜ. ಎಲೆಕ್ಟ್ರಿಷಿಯನ್ನು ಬಂದು, ಹೋಲ್ಡರಿಗೆ ಎರಡು ತಂತಿ ಕಟ್ಟಿದ ಬಲ್ಬೊಂದನ್ನು ಫೇಸಿಗೂ ನ್ಯೂಟ್ರಲಿಗೂ ಹಿಡಿದಾಗ ಅದು ಪ್ರಜ್ವಲವಾಗಿ ಉರಿಯುತ್ತದೆ. ಫೇಸಿಗೂ ಅರ್ಥಿಗೂ ಹಿಡಿದಾಗ ಮಂಕಾಗಿ ಕೆಂಪಗೆ ಮಿಣುಕುತ್ತದೆ. ದೋಷವು ಗೋಡೆಯ ಹಿಂದೆ, ಮಣ್ಣಿನೊಳಗಿದೆ. ಈ ಸೀಮೆಯದು ಕಗ್ಗಲ್ಲಿನ ನೆಲ. ಬೇಸಗೆಯಲ್ಲಿ ಮೇಲಿನ ಮಣ್ಣು ಒಣಗಿ ವಿದ್ಯುತ್ತನ್ನು ಒಯ್ಯಲಾರದಾಗುತ್ತದೆ. ಆಳವಾದ ಗುಂಡಿ ತೋಡಿ, ಕೊಳವೆಯ ಸುತ್ತ ಇದ್ದಲು ಮತ್ತು ಉಪ್ಪನ್ನು ಪದರಪದರವಾಗಿ ತುಂಬಿ, ಬೇಸಗೆಯಲ್ಲಿ ಆಗಾಗ್ಗೆ ನೀರು ಹೊಯ್ಯುತ್ತ ಬಂದರೆ ಆ ದೋಷವು ನಿವಾರಣೆಯಾಗುತ್ತದೆ. ಸ್ನಾನಗೃಹದಲ್ಲಿ ಗೀಜರ್ ಮುಟ್ಟುವ ಮಗುವಿನ ಪ್ರಾಣವನ್ನು ಕಾಯುವುದೂ ಇದೇ ಗುಂಡಿಯೇ ಆದುದರಿಂದ, ಕಾರು ನಿರಾಕರಿಸಿದ ಮನೆಯ ಯಜಮಾನನು ಕಾರಿಗೆ ಕೃತಜ್ಞನಾಗಿರತಕ್ಕದ್ದು.

ವಿದ್ಯುತ್ತನ್ನು ಕೊಟ್ಟು ಹಣ ಪಡೆಯುವುದು ಶಾಸನಬದ್ಧವೇ ಎಂಬ ಸಂಶಯವೂ ಕೆಲಕಾಲ ಇದ್ದಿತು. ಏಕೆಂದರೆ 2003ರ ವಿದ್ಯುಚ್ಛಕ್ತಿ ಕಾಯಿದೆಯ ಪ್ರಕಾರ ವಿದ್ಯುತ್ತನ್ನು ಮಾರಲು ಪರವಾನಗಿ ಬೇಕು. 2018ರ ಏಪ್ರಿಲ್ 13ರಂದು ಕೇಂದ್ರ ವಿದ್ಯುತ್ ಸಚಿವಾಲಯವು, ಬ್ಯಾಟರಿಗೆ ಚಾರ್ಜ್ ಮಾಡಿಕೊಡುವುದು ವಿದ್ಯುತ್ತಿನ ಮಾರಾಟವಲ್ಲ, ಅದೊಂದು ಸೇವೆ ಎಂದು ಸ್ಪಷ್ಟೀಕರಿಸಿ ಈ ತೊಡಕನ್ನು ಬಿಡಿಸಿತು. ವಿದ್ಯುತ್ ವಾಹನಗಳಿಗಾಗಿ ಕರ್ನಾಟಕವು 2017ರಲ್ಲಿಯೂ ತಮಿಳುನಾಡು 2019ರಲ್ಲಿಯೂ ತಮ್ಮ ನೀತಿಗಳನ್ನು ಪ್ರಕಟಿಸಿದವು. ಏಥರ್ ಸ್ಕೂಟರುಗಳು ಹೊಸೂರಿನಲ್ಲಿಯೂ ಓಲಾ ಸ್ಕೂಟರುಗಳು ಪೋಚಂಪಳ್ಳಿಯ ಬಳಿಯಲ್ಲಿಯೂ ತಯಾರಾಗುವ, ಡೆಂಕಣಿಕೋಟೆಯನ್ನೊಳಗೊಂಡ ಈ ಕೃಷ್ಣಗಿರಿ ಜಿಲ್ಲೆಯ ತಂಗುಮನೆಗಳಲ್ಲಿ ಒಂದು ನೆಟ್ಟಗಿನ ಪ್ಲಗ್ ಸಿಗದಿರುವುದು ನನಗೆ ನಿಜಕ್ಕೂ ಸಂಕಟದ ವಿಷಯವಾಗಿ ಕಾಣುತ್ತದೆ.

ಹಣದ ಲೆಕ್ಕವನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಎಂಟು ಗಂಟೆಯ ಚಾರ್ಜಿಗೆ ಸುಮಾರು 26 ಯೂನಿಟ್ ಖರ್ಚು. ತಮಿಳುನಾಡಿನಲ್ಲಿ ಗೃಹಬಳಕೆದಾರನಿಗೆ ಎರಡು ತಿಂಗಳಿಗೆ ಉಚಿತವಾಗಿ ದೊರೆಯುವುದು 100 ಯೂನಿಟ್. ನಾಲ್ಕು ರಾತ್ರಿ ಅತಿಥಿಗಳ ಕಾರುಗಳು ನಿಂತರೆ ಅಷ್ಟೂ ಮುಗಿದು, ಬಳಕೆ ಏರಿದಂತೆ ದರವೂ ಏರುತ್ತ ಹೋಗುವುದು. ಕೇಳದೆಯೇ ಅಡುಗೆಮನೆಯ ಕಿಟಕಿಯಿಂದ ತಂತಿ ಎಳೆದು ಚಾರ್ಜ್ ಹಾಕಿಕೊಳ್ಳುವ ಅತಿಥಿಯು, ತಾನರಿಯದೆ ಆ ಮನೆಯವರ ವಿದ್ಯುತ್ ಬಿಲ್ಲಿನ ಮೇಲೆ ಭಾರ ಹೇರುತ್ತಾನೆ. ಬ್ರಿಟನ್ನಿನ ಬಾಡಿಗೆಮನೆಗಳ ಮಾಲೀಕರು ಹಲವರು ಇಂತಹ ಕಿಟಕಿಯ ತಂತಿಯನ್ನು ಕರಾರಿನಲ್ಲಿಯೇ ನಿಷೇಧಿಸಿರುವುದಕ್ಕೆ ಬೆಂಕಿಯ ಭಯವೂ ಇದೇ ಖರ್ಚೂ ಕಾರಣಗಳಾಗಿವೆ. ತೋಟದ ಪಂಪ್‌ಸೆಟ್ಟಿಗೆಂದು ಕೊಟ್ಟಿರುವ ಉಚಿತ ವಿದ್ಯುತ್ತಿನಿಂದ ಕಾರಿಗೆ ಚಾರ್ಜ್ ಮಾಡುವುದಂತೂ ಸರ್ವಥಾ ಕೂಡದು. ಅದು ರೈತನ ಬೆಳೆಗಾಗಿ ಸಮಾಜವು ಹೊತ್ತ ವೆಚ್ಚ, ಮತ್ತು ಅನ್ಯ ಕಾರ್ಯಕ್ಕೆ ಅದನ್ನು ಬಳಸುವುದು ಕಾಯಿದೆಯಂತೆ ಅಪರಾಧ.

ಮನೆಯವರು ಮಾಡಬೇಕಾದ ಕೆಲಸ ಅಲ್ಪವಾದುದು: ಮೀಟರ್ ಬೋರ್ಡಿನಿಂದ ನೇರವಾಗಿ ದಪ್ಪನೆಯ ತಾಮ್ರದ ತಂತಿಯೊಂದನ್ನು ಕಾರು ನಿಲ್ಲುವ ಜಾಗಕ್ಕೆ ಎಳೆಸಿ, ಅದಕ್ಕೇ ಪ್ರತ್ಯೇಕವಾದ ಎಂಸಿಬಿ (ಮಿತಿಮೀರಿದ ಪ್ರವಾಹವನ್ನು ತಾನೇ ಕಡಿಯುವ ಸ್ವಿಚ್ಚು), ಮಳೆ ತಾಗದ ಸಾಕೆಟ್ಟು, ಒಂದು ಸಣ್ಣ ಉಪಮೀಟರನ್ನು ಕೂರಿಸಿ, ಅರ್ಥಿಂಗ್ ಗುಂಡಿಯನ್ನು ಸರಿಪಡಿಸಿದರಾಯಿತು. ಯೂನಿಟ್ಟಿಗೆ ಹತ್ತು ರೂಪಾಯಿ ಹಿಡಿದರೂ ಒಂದು ರಾತ್ರಿಗೆ 260 ರೂಪಾಯಿ; ಕಾರಿನಲ್ಲಿ ಬಂದವರಿಗೆ ಅದು ಹೊರೆಯಲ್ಲ. ವಾಚಕರಲ್ಲಿ ಕಾರಿನವರಿಗೆ ನನ್ನ ಬಿನ್ನಹವಿಷ್ಟೆ: ಮನೆಯನ್ನು ಗೊತ್ತುಮಾಡುವ ಮೊದಲೇ ಫೋನಿನಲ್ಲಿ ಪವರ್ ಪ್ಲಗ್ಗನ್ನೂ ಅರ್ಥಿಂಗನ್ನೂ ವಿಚಾರಿಸಿ, ಯೂನಿಟ್ಟಿನ ದರವನ್ನು ಮಾತಾಡಿಕೊಳ್ಳಿರಿ, ಹೊರಡುವ ಬೆಳಗ್ಗೆ ಮೀಟರನ್ನು ಮನೆಯವರ ಎದುರಿನಲ್ಲೇ ಓದಿ ಹಣ ಕೊಟ್ಟು ಬನ್ನಿರಿ.